ಪುಸ್ತಕದ ಕಟ್ಟಕಡೆಯ ಸಂಖ್ಯೆ

ಸೆಗೆಡ್ ಊರಿನ ಒಂದು ಅಚ್ಚುಕೂಟದಲ್ಲಿ ಪಿರೋಷ್ಕಾ ಇಪ್ಪತ್ತೆರಡು ವರ್ಷಗಳಿಂದ ಕರಡು ತಿದ್ದುತ್ತಿದ್ದಳು. ಓದಿದ್ದು ಆರನೇ ತರಗತಿ. ಆದರೂ ಅಂಕಿಯೊಂದು ತಪ್ಪಿದ್ದರೆ, ಅನ್ನದಲ್ಲಿ ಕಲ್ಲು ಸಿಕ್ಕವರ ಹಾಗೆ ತಟ್ಟನೆ ನಿಲ್ಲುತ್ತಿದ್ದಳು. ಹಾಗಾಗಿ ೧೯೬೧ರಲ್ಲಿ ಮೊದಲ ಐದು ಲಕ್ಷ ಅವಿಭಾಜ್ಯ ಸಂಖ್ಯೆಗಳ ಪುಸ್ತಕ ಅಚ್ಚಿಗೆ ಬಂದಾಗ ಅದು ನೇರವಾಗಿ ಅವಳ ಮೇಜಿಗೇ ಬಂತು. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳವು. ಕಟ್ಟಕಡೆಯದು 7368787.

ಪುಸ್ತಕ ಹೊರಬಂದ ಮೂರು ತಿಂಗಳಿಗೆ ಮಕೋ ಊರಿನಿಂದ ಒಂದು ಕಾರ್ಡು ಬಂತು. ಬರೆದವನು ವೆಂದೆಲ್, ರೈಲ್ವೆಯ ನಿವೃತ್ತ ಸಿಗ್ನಲ್‌ದಾರ. 'ನಿಮ್ಮ ಕೊನೆಯ ಸಂಖ್ಯೆಯೇ ಸುಳ್ಳು. ಅದು ಭಾಗವಾಗುತ್ತದೆ. ನಾಚಿಕೆಯಾಗಬೇಕು!' ಯಾವುದರಿಂದ ಭಾಗವಾಗುತ್ತದೆಂದು ಮಾತ್ರ ಪುಣ್ಯಾತ್ಮ ಬರೆದಿರಲಿಲ್ಲ.

ಅಚ್ಚುಕೂಟದ ಯಜಮಾನ ಗಾಶ್ಪಾರ್ ನಕ್ಕುಬಿಟ್ಟ. "ಬಿಡಮ್ಮಾ, ಲೆಕ್ಕ ಹಾಕಿದ್ದು ಪ್ರೊಫೆಸರು. ನಿಂಗ್ಯಾಕೆ ತಲೆನೋವು?"

"ಅಚ್ಚಿಗೆ ಬಿಟ್ಟೋಳು ನಾನಲ್ವಾ? ಮೂಲಪ್ರತಿ ವಾಪಸ್ ಹೋಗಿದೆ, ಪ್ರೊಫೆಸರು ತೀರ್ಕೊಂಡ್ರು. ಒಂದಂಕಿ ಆಚೀಚೆ ಆಗಿದ್ರೆ ಯಾರನ್ನ ಕೇಳ್ಲಿ?"

ಉಳಿದದ್ದು ಒಂದೇ ದಾರಿ: ತಾನೇ ಭಾಗಿಸಿ ನೋಡುವುದು. 2713ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು; ಅದಕ್ಕಿಂತ ದೊಡ್ಡದು ಭಾಗಿಸುವುದಾದರೆ ಅದರೊಂದಿಗೆ ಗುಣಿಸುವ ಜೊತೆಗಾರ ಸಂಖ್ಯೆ ಚಿಕ್ಕದರಲ್ಲೇ ಸಿಕ್ಕಿಬೀಳಬೇಕು. ಅಂಥವು ಮುನ್ನೂರ ತೊಂಬತ್ತಾರು. ದಿನಾ ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ಕೊಬ್ಬು ಸವರಿದ ಬ್ರೆಡ್ಡು, ಇನ್ನೊಂದರಲ್ಲಿ ಪೆನ್ಸಿಲು. ಏಳರಿಂದ ಭಾಗಿಸಿದರೆ ಆರು ಉಳಿಯಿತು. ಹನ್ನೊಂದರಿಂದ ಎಂಟು, ಹದಿಮೂರರಿಂದ ಹತ್ತು. ಪ್ರತಿ ಸಲವೂ ಸೊನ್ನೆ ಬಂದೀತೆಂಬ ಹೆದರಿಕೆ. ನಾಲ್ಕನೆಯ ವಾರ 2713ಕ್ಕೆ ಬಂದಳು. 279 ಉಳಿಯಿತು.

ಆದರೂ ಸಮಾಧಾನವಿಲ್ಲ. ಅಷ್ಟು ಭಾಗಾಕಾರಗಳಲ್ಲಿ ತನ್ನದೇ ಒಂದು ತಪ್ಪಿದ್ದರೆ? ಭಾನುವಾರ ಪುಸ್ತಕ ಚೀಲಕ್ಕೆ ಹಾಕಿಕೊಂಡು ಮಕೋ ರೈಲು ಹತ್ತಿದಳು.

ವೆಂದೆಲ್ ಅಂಗಳದಲ್ಲಿ ಈರುಳ್ಳಿ ಜಡೆ ಹೆಣೆಯುತ್ತಿದ್ದ. ಬಂದವಳು ಯಾರೆಂದು ತಿಳಿದದ್ದೇ ಮುದುಕ ಹುರುಪಿನಿಂದ ತನ್ನ ನೋಟ್‌ಬುಕ್ ತಂದ.

"ಹದಿಮೂರು, ತಾಯಿ! ಹದಿಮೂರರಿಂದ ಚೊಕ್ಕವಾಗಿ ಹೋಗುತ್ತೆ. ನೋಡಿ, ಚೂರೂ ಉಳಿಯಲ್ಲ!"

ಪಿರೋಷ್ಕಾ ನೋಡಿದಳು. ಅಲ್ಲಿದ್ದದ್ದು 7378787.

"ಯಜಮಾನ್ರೇ, ಮೂರರ ಬಲಗಡೆಯದು ಏಳಲ್ಲ. ಆರು."

ಅವನು ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡ. ಭೂತಗನ್ನಡಿ ತಂದ. ಕಿವಿ ಕೆಂಪಾಯಿತು.

"ಆರೇ ಇದೆಯಲ್ಲ..."

"ಕಣ್ಣು ತೋರಿಸ್ಕೊಳ್ಳಿ ಅಂತ ಬಡ್ಕೊಂಡೆ," ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಪುಸ್ತಕಾನೇ ತಪ್ಪು ಅಂತ ಊರೆಲ್ಲ ಡಂಗುರ ಹೊಡೆದ್ರಿ. ಈಗ ಅದೇ ಊರಿಗೆಲ್ಲ ಹೋಗಿ ಹೇಳ್ಬನ್ನಿ!"

ಪಿರೋಷ್ಕಾ ಈರುಳ್ಳಿ ರಾಶಿಯ ಪಕ್ಕದಲ್ಲೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಒಂದು ತಿಂಗಳು ನನ್ನ ಹೊಟ್ಟೆಗೆ ಬೆಂಕಿ ಹಾಕಿದ್ರಲ್ಲ, ಮಹರಾಯ್ರೇ!"

"ತಪ್ಪಾಯ್ತು, ತಾಯಿ. ಊಟ ಮಾಡ್ಕೊಂಡು ಹೋಗಿ, ಇಲ್ಲಾಂದ್ರೆ ಇವಳು ನನ್ನನ್ನ ಮನೆಗೆ ಸೇರ್ಸಲ್ಲ."

ಎರಡು ಬಟ್ಟಲು ಬೀನ್ಸ್ ಸಾರು ಕುಡಿದಳು. ಸಂಜೆಯ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿದವಳಿಗೆ ಎಂಥ ನಿದ್ದೆ ಹತ್ತಿತೆಂದರೆ, ಸೆಗೆಡ್ ಬಂದಾಗ ಟಿಕೆಟಿನವನು ಭುಜ ಅಲುಗಿಸಿ ಎಬ್ಬಿಸಬೇಕಾಯಿತು.