ಮಾಳಿಗೆಯ ಮೇಲೆ ಗೆಲಾಕ್ಸಿ

ನಮ್ಮ ತಿರ್ಲಾಪುರದಲ್ಲಿ ನನಗೆ ಖಗೋಳತಜ್ಞ ಎಂಬ ಹೆಸರು ಬಂದಿದೆ. ತಾನಾಗಿ ಬಂದದ್ದನ್ನು ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನಿಜ ಹೇಳಬೇಕೆಂದರೆ ನನ್ನ ಸಂಶೋಧನೆ ಇಷ್ಟೇ: ಸ್ಮಾರ್ಟ್ ಟೆಲಿಸ್ಕೋಪನ್ನು ಹೊತ್ತು ಮಾಳಿಗೆ ಹತ್ತುವುದು, ಸ್ಟ್ಯಾಂಡಿನ ಮೇಲೆ ಕೂರಿಸುವುದು, ಮೊಬೈಲಿನಲ್ಲಿ ಒಂದು ಹೆಸರು ಒತ್ತುವುದು. ಆಕಾಶದಲ್ಲಿ ಅದನ್ನು ಹುಡುಕಿ, ಅದು ಸರಿದತ್ತ ತಾನೂ ಸರಿದು, ಫೋಟೋದ ಮೇಲೆ ಫೋಟೋ ತೆಗೆದು ಸೇರಿಸುವುದೆಲ್ಲ ಯಂತ್ರದ ಪಾಲು. ಹಿಂದಿನ ಜ್ಯೋತಿರ್ವಿದರು ಜೀವಮಾನವಿಡೀ ಕಣ್ಣು ಸವೆಸಿಕೊಂಡರು ಪಾಪ. ಅವರಿಗೆ ಬ್ಲೂಟೂತ್ ಇರಲಿಲ್ಲ.

ಇಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ನಿವೃತ್ತ ಇತಿಹಾಸ ಮಾಸ್ತರನಿಗೆ ಕೇಳುವವರಿಲ್ಲದಿದ್ದರೆ ಊಟ ಸೇರುವುದಿಲ್ಲ. ಚಹಾದಂಗಡಿಯಲ್ಲಿ ಕೂತು, ಅಮಾವಾಸ್ಯೆಯ ಸಂಜೆ ಓಣಿಯವರಿಗೆಲ್ಲ ಆಂಡ್ರೊಮಿಡಾ ಗೆಲಾಕ್ಸಿ ತೋರಿಸುತ್ತೇನೆಂದು ಸಾರಿಬಿಟ್ಟೆ. ಅದರ ಬೆಳಕು ಇಲ್ಲಿಗೆ ಮುಟ್ಟಲು ಇಪ್ಪತ್ತೈದು ಲಕ್ಷ ವರ್ಷ ಬೇಕು ಎಂದೂ ಸೇರಿಸಿದೆ. ಎಲ್ಲರೂ ನಕ್ಕರು. ಈಗ ತೋರಿಸದೆ ಹೋದರೆ ನನ್ನ ಮರ್ಯಾದೆ ಮಣ್ಣುಪಾಲು. ನಗದೆ ಉಳಿದವರು ಬಾಜು ಮನೆಯ ಹುಸೇನಸಾಬ ಕಾಕಾ ಒಬ್ಬರೇ. ನೇಕಾರಿಕೆ ಬಿಟ್ಟು ಮನೆಯಲ್ಲಿರುವ ಅವರು ಮೆಲ್ಲಗೆ, “ಖರೇನ ಕಾಣತೈತೇನ್ರಿ ಮಾಸ್ತರ?” ಎಂದರು. “ಅಗದಿ ಖರೇ” ಎಂದೆ.

ಟ್ರ್ಯಾಕ್ಟರಾಗಲಿ ಮಿಕ್ಸರಾಗಲಿ, ಪೂಜೆ ಮಾಡದೆ ಚಾಲೂ ಮಾಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ನಾನು ಕೆಳಗೆ ನಿಂತು ಬಂದವರನ್ನು ಬರಮಾಡಿಕೊಳ್ಳುವಾಗ ನನ್ನ ಹೆಂಡತಿ ಗಿರಿಜಾ ಮಾಳಿಗೆಯ ಮೇಲೆ ಟೆಲಿಸ್ಕೋಪಿನ ಪೂಜೆ ಮುಗಿಸಿದ್ದಳು. ಜನ ಸುತ್ತ ನೆರೆದರು. ನಾನು ಹೆಸರು ಒತ್ತಿದೆ. ಯಂತ್ರ ಗುಯ್‌ಗುಟ್ಟಿ ಕತ್ತು ತಿರುಗಿಸಿತು. ಮೊಬೈಲಿನ ತುಂಬ ಬೆಳ್ಳಗೆ ಮಂಜು ಹರಡಿಕೊಂಡಿತು, ನಡುನಡುವೆ ಪ್ರಭೆ ಬೇರೆ. ಏನೆಂದು ನನಗೂ ತಿಳಿಯಲಿಲ್ಲ. ಆದರೆ ತಿಳಿಯದ ವಿಷಯವನ್ನು ವಿವರಿಸಿ ನನಗೆ ಮೂವತ್ತು ವರ್ಷದ ಅನುಭವವಿದೆ. “ನೋಡ್ರಿ, ಇದೆಲ್ಲಾ ಕೋಟಿಗಟ್ಟಲೆ ನಕ್ಷತ್ರದ ಧೂಳು” ಎಂದೆ. ಇಬ್ಬರು ಕೈಮುಗಿದರು.

ಗಿರಿಜಾ ಇಣುಕಿದಳು. “ಏನ್ರಿ, ಇದು ನಾ ಹಚ್ಚಿದ ವಿಭೂತಿ ಇದ್ದಂಗ ಐತಲ್ರಿ?”

“ಎಲ್ಲಿ ಹಚ್ಚಿದಿ?”

“ಅದರ ಹಣಿ ಯಾವುದಂತ ತಿಳೀಲಿಲ್ಲ. ದುಂಡನ ಗಾಜ ಇತ್ತು, ಅದಕ್ಕ ಹಚ್ಚೇನಿ.”

ನೆರೆದವರೆಲ್ಲ ನಕ್ಕ ನಗೆಗೆ ಮಣ್ಣಿನ ಮಾಳಿಗೆ ನಡುಗಿತು. ಗಾಜನ್ನು ಜೋಪಾನವಾಗಿ ಒರೆಸಿ ಮತ್ತೆ ಶುರುಮಾಡಿದೆ. ಈಗ ಯಾರು ಹೆಜ್ಜೆ ಇಟ್ಟರೂ ಮಾಳಿಗೆ ಹೊತ್ತ ಜಂತಿ ಅಲುಗಿ ಫೋಟೋ ಕೆಡುತ್ತಿತ್ತು. ಎಲ್ಲರೂ ಮಿಸುಕದೆ ಕೂಡಬೇಕೆಂದು ಕೈಮುಗಿದೆ. ನಮ್ಮ ಓಣಿ ಬಾಯಿ ಮುಚ್ಚಿ ಕೂತದ್ದನ್ನು ಅಂದೇ ಮೊದಲು ಕಂಡೆ. ನನ್ನ ಮಟ್ಟಿಗೆ ಗೆಲಾಕ್ಸಿಗಿಂತ ಅದೇ ಅಪರೂಪದ ದೃಶ್ಯ. ಕಡೆಗೆ ಚಿತ್ರ ಮೂಡಿತು. ನಡುವೆ ಹೊಳಪು, ಸುತ್ತ ವಾರೆಯಾಗಿ ಚಾಚಿದ ಮಸುಕು, ಅಂಚಿನಲ್ಲಿ ಒಂದು ಕಪ್ಪು ಗೆರೆ. ನಿಜವಾದ ಆಂಡ್ರೊಮಿಡಾ! ಮೊಬೈಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.

“ಇಷ್ಟನ? ಮೊದಲಿನ ಫೋಟೋನ ಚಲೋ ಇತ್ತು ಬಿಡ್ರಿ” ಎಂದರು ಯಾರೋ. ಓಣಿ ಒಮ್ಮತದಿಂದ ತೀರ್ಪು ಕೊಟ್ಟಿತು. ವಿಭೂತಿಯ ಫೋಟೋವನ್ನೇ ವಾಟ್ಸ್ಯಾಪಿಗೆ ಹಾಕಿಸಿಕೊಂಡು, ನನ್ನ ನಕ್ಷತ್ರದ ಧೂಳನ್ನು ನೆನೆನೆನೆದು ನಗುತ್ತ ಮೆಟ್ಟಿಲಿಳಿದರು. ನಿಜವಾದದ್ದನ್ನು ಒಬ್ಬರೂ ಕೇಳಲಿಲ್ಲ. ನನಗೆ ಬಹಳ ಬೇಸರವಾಯಿತು.

ಕಾಕಾ ಮಾತ್ರ ಉಳಿದರು. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಅಲ್ಲೂ ಮಂದಿ ಇರಬಹುದೇನ್ರಿ?”

“ಇರಬಹುದು ಕಾಕಾ.”

“ಹಂಗಾರ ಅವರೂ ಹಿಂಗ ಮಷಿನ್ ಇಟಗೊಂಡು ಈಗ ನಮ್ಮನ್ನ ನೋಡಾಕತ್ತಿರಬೇಕು.”

ನನ್ನೊಳಗಿನ ಮಾಸ್ತರ ಅಂಥ ಹೊತ್ತಿನಲ್ಲೂ ಸುಮ್ಮನಿರಲಿಲ್ಲ. “ನೋಡಿದರೂ ಅವರಿಗೆ ಕಾಣೋದು ಇಪ್ಪತ್ತೈದು ಲಕ್ಷ ವರ್ಷದ ಹಿಂದಿನ ಭೂಮಿ. ಇವತ್ತು ಇಲ್ಲಿ ಆಗಿದ್ದು ಅವರಿಗೆ ಇನ್ನೂ ಮುಟ್ಟಿಲ್ಲ.”

ಕಾಕಾ ಯೋಚಿಸಿದರು. ಮೊಬೈಲನ್ನು ನನ್ನ ಕೈಗಿಟ್ಟು ಹೆಗಲು ತಟ್ಟಿದರು.

“ಹಂಗಾರ ಚಿಂತಿ ಬಿಡ್ರಿ ಮಾಸ್ತರ. ಅಲ್ಲಿ ನಿಮ್ಮ ಮರ್ಯಾದಿ ಇನ್ನೂ ಹೋಗಿಲ್ಲ.”