ನೀರೊಳಗಿನ ಹತ್ತು ನಿಮಿಷ

ಸಮುದ್ರದ ಮೀನು ಸಾಕುವ ತೊಟ್ಟಿ ಎಲ್ಲೆಲ್ಲಿತ್ತೋ ಅಲ್ಲೆಲ್ಲ ಅವನು ಅಂಟಣ್ಣ ಎಂದೇ ಪ್ರಸಿದ್ಧ. ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಗಷ್ಟೇ ಗೊತ್ತಿತ್ತು. ತೊಟ್ಟಿಯ ನೀರು ಖಾಲಿ ಮಾಡದೆ, ಮೀನುಗಳು ಓಡಾಡುತ್ತಿರುವಾಗಲೇ ಒಳಗೆ ಕೈಯಿಳಿಸಿ ಕಲ್ಲಿಗೆ ಕಲ್ಲು ಅಂಟಿಸುವುದು ಅವನ ಕಸುಬು. ಆ ಕಲ್ಲುಗಳ ಮೇಲೇ ಹವಳ ಬೆಳೆಯುವುದು. "ನೀರಲ್ಲಿ ಅಂಟು ಹಿಡಿಯುತ್ತೇನಪ್ಪಾ?" ಎಂದು ಯಾರಾದರೂ ಅನುಮಾನಪಟ್ಟರೆ, "ನಿಮ್ಮ ಎರಡು ಬೆರಳು ಕೊಡಿ ಸಾರ್, ತೋರಿಸ್ತೀನಿ" ಅನ್ನುತ್ತಿದ್ದ. ಯಾರೂ ಕೊಟ್ಟಿರಲಿಲ್ಲ.

ನೋಡುವವರಿಗೆ ಸುಲಭದ ಕೆಲಸ. ಬೇರೆ ಬೇರೆ ಬಣ್ಣದ ಎರಡು ಮೇಣದುಂಡೆಗಳನ್ನು ಒಂದೇ ಬಣ್ಣವಾಗುವವರೆಗೆ ನಾದಬೇಕು. ಅದರ ಎರಡೂ ಮುಖಕ್ಕೆ ಅಂಟು ಬಳಿದು ನೀರಿಗಿಳಿಸಬೇಕು. ನೀರು ತಾಕಿದ ಕೂಡಲೇ ಅಂಟಿನ ಮೇಲೆ ತೆಳ್ಳಗೆ ಸಿಪ್ಪೆ ಕಟ್ಟುತ್ತದೆ. ಕಲ್ಲನ್ನು ಒತ್ತಿ, ಸ್ವಲ್ಪ ತಿರುಚಿ ಆ ಸಿಪ್ಪೆಯನ್ನು ಒಡೆಯದಿದ್ದರೆ ಹಿಡಿಯುವುದಿಲ್ಲ. ಇಷ್ಟೂ ಅವನಿಗೆ ನೀರು ಕುಡಿದಷ್ಟು ಸಲೀಸು. ಆಮೇಲಿನದೇ ಕಷ್ಟ. ಹತ್ತು ನಿಮಿಷ ಕಲ್ಲನ್ನು ಅಲ್ಲಾಡದಂತೆ ಹಿಡಿದು ನಿಲ್ಲಬೇಕು. ಒಂದು ಕಡೆ ನಿಲ್ಲುವ ಜಾಯಮಾನವೇ ಅವನದಲ್ಲ. ಮದುವೆಯ ಫೋಟೋದಲ್ಲೂ ಅವನ ಮುಖ ಮಸುಕಾಗಿತ್ತು.

ಹಾಗಾಗಿ ಕಲ್ಲು ಹಿಡಿಯುತ್ತಿದ್ದವಳು ಅವನ ಹೆಂಡತಿ. ಮೊಣಕೈ ಮೇಲಿನವರೆಗೆ ಕೈಯನ್ನು ನೀರಲ್ಲಿಟ್ಟು ಸ್ಟೂಲಿನ ಮೇಲೆ ನಿಂತರೆ ಮೀನುಗಳು ಅವಳ ಬೆರಳ ಸಂದಿಯಲ್ಲೇ ತೂರಿ ಹೋಗುತ್ತಿದ್ದವು. ಆ ಹತ್ತು ಹತ್ತು ನಿಮಿಷಗಳಲ್ಲೇ ಅವರ ಸಂಸಾರದ ಮಾತೆಲ್ಲ ನಡೆಯುತ್ತಿತ್ತು. ಮಗಳನ್ನು ಯಾವ ಶಾಲೆಗೆ ಹಾಕುವುದು, ಅವಳ ಉಬ್ಬಸಕ್ಕೆ ಯಾವ ಡಾಕ್ಟರು, ಅತ್ತಿಗೆಯ ಕೊಂಕು ಮಾತಿಗೆ ಏನು ಉತ್ತರ, ಎಲ್ಲ ಅಲ್ಲೇ ತೀರ್ಮಾನ. ಜಗಳ ಶುರುವಾದರೂ ಅವಳು ಎದ್ದು ಹೋಗುವ ಹಾಗಿರಲಿಲ್ಲ. ಅಂಟು ಹಿಡಿಯುವಷ್ಟರಲ್ಲಿ ರಾಜಿಯಾಗಿರುತ್ತಿತ್ತು.

ಮಗಳು ಪುಟ್ಟಿ ತೀರಿಕೊಂಡದ್ದು ಒಂಬತ್ತನೇ ವಯಸ್ಸಿನಲ್ಲಿ.

ಅಂಗಿಯ ಗುಂಡಿಯಂತೆ ಕಾಣುವ ಒಂದು ಜಾತಿಯ ಹವಳವಿದೆ. ಕಳೆಯ ಹಾಗೆ ಕಲ್ಲಿನ ಮೇಲೆಲ್ಲ ಹಬ್ಬುತ್ತದೆ. ಅದರಲ್ಲಿ ವಿಷವಿರುತ್ತದೆ. ಕೈಗೆ ಗವಸು ಹಾಕಿಕೊಂಡು ಒಂದೊಂದಾಗಿ ಕೀಳಬೇಕೇ ಹೊರತು, ಬಿಸಿನೀರನ್ನು ಮಾತ್ರ ಸುರಿಯಬಾರದು. ಸುರಿದರೆ ಏಳುವ ಹಬೆಯಲ್ಲಿ ಆ ವಿಷವೆಲ್ಲ ಎದ್ದು ಬರುತ್ತದೆ. ಇದನ್ನು ಅಂಟಣ್ಣ ಕಂಡ ಕಂಡ ಗಿರಾಕಿಗೆಲ್ಲ ಬೆರಳು ಕುಣಿಸಿ ಹೇಳುತ್ತಿದ್ದ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಒಂದು ಸಂಜೆ, ಮರುದಿನ ಬೆಳಿಗ್ಗೆಯೇ ಕಲ್ಲು ಬೇಕೆಂದು ಯಾರೋ ಅವಸರ ಮಾಡಿದರೆಂದು, ಕೀಳುತ್ತ ಕೂರುವ ತಾಳ್ಮೆಯಿಲ್ಲದೆ, ಅದು ಹಬ್ಬಿದ್ದ ಕಲ್ಲನ್ನು ಬಚ್ಚಲಲ್ಲಿಟ್ಟು ಕುದಿಯುವ ನೀರು ಸುರಿದುಬಿಟ್ಟ. ಹೆಂಡತಿ ಅಂದು ಅಕ್ಕನ ಮನೆಗೆ ಹೋಗಿದ್ದಳು. ಅವನು ಎರಡು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದ. ಮೊದಲೇ ಉಬ್ಬಸದ ಎದೆಯ ಪುಟ್ಟಿ ಏಳಲಿಲ್ಲ.

"ಅವಳೇ ಒಳಗೆ ಬಂದುಬಿಟ್ಟಿದ್ದಳು. ನಾನು ನೋಡಲಿಲ್ಲ" ಎಂದು ಅವನು ಎಲ್ಲರಿಗೂ ಹೇಳಿದ.

ಹೆಂಡತಿ ತುಟಿ ಪಿಟಕ್ಕೆನ್ನಲಿಲ್ಲ. ಬೈದಿದ್ದರೆ, ಕೊರಳಪಟ್ಟಿ ಹಿಡಿದು ಜಗ್ಗಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ತಿಂಗಳು ಕಳೆದ ಮೇಲೆ ಅವಳು ಮೊದಲಿನಂತೆಯೇ ಕೆಲಸಕ್ಕೆ ಬಂದಳು, ಮೊದಲಿನಂತೆಯೇ ಕಲ್ಲು ಹಿಡಿದಳು. ಮಾತು ಮಾತ್ರ ಇರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಜಗಳವೇ ಇಲ್ಲದಿದ್ದರೆ ಅದು ಮುಗಿಯುವುದಾದರೂ ಹೇಗೆ? ಹನ್ನೊಂದು ತಿಂಗಳು ಹಾಗೇ ಉಂಡರು, ಹಾಗೇ ಮಲಗಿದರು.

ಕಳೆದ ವಾರ ಅವಳು ಬಟ್ಟೆ ಮಡಚುತ್ತ ಹೇಳಿದಳು. "ಅಕ್ಕನ ಊರಿಗೆ ಹೋಗ್ತೀನಿ. ಅವಳ ಹೊಲಿಗೆ ಅಂಗಡಿಯಲ್ಲಿ ಕೆಲಸ ಇದೆ."

"ಎಷ್ಟು ದಿನಕ್ಕೆ?"

"ದಿನದ ಲೆಕ್ಕ ಅಲ್ಲ. ಆ ಹಲ್ಲಿನ ಡಾಕ್ಟರ ತೊಟ್ಟಿಯ ಕಲ್ಲಿನ ಕಮಾನು ಮುಗಿಸಿ ಹೋಗ್ತೀನಿ. ಅದಕ್ಕೆ ನಾಲ್ಕು ಕೈ ಬೇಕು."

ಭಾನುವಾರ ಕ್ಲಿನಿಕ್ಕಿಗೆ ರಜೆ. ಖಾಲಿ ಕುರ್ಚಿಗಳ ಸಾಲು, ಗೋಡೆಯ ಮೇಲೆ ನಗುವ ಹಲ್ಲುಗಳ ಚಿತ್ರ, ಮೂಲೆಯಲ್ಲಿ ಆರಡಿ ಉದ್ದದ ತೊಟ್ಟಿ. ಎರಡು ಕಂಬದ ಕಲ್ಲುಗಳನ್ನು ಹಿಂದಿನ ವಾರವೇ ನಿಲ್ಲಿಸಿದ್ದರು. ನೀರು ಅಲುಗದಿರಲೆಂದು ಅವನು ಪಂಪು ಆರಿಸಿದ, ಮೇಣ ನಾದಿದ, ಅಂಟು ಬಳಿದ. ಇಬ್ಬರೂ ಸೇರಿ ಮೇಲಿನ ಭಾರದ ಕಲ್ಲನ್ನು ಇಳಿಸಿ, ಒತ್ತಿ, ತಿರುಚಿದರು. ನೀರಲ್ಲಿ ಹಾಲಿನಂತೆ ಬಿಳಿ ಎದ್ದು ಕರಗಿತು.

"ಹಿಡಿ" ಅಂದ. ಅವಳು ಹಿಡಿದಳು. ಈಗ ಕೈಬಿಟ್ಟರೆ ಕಲ್ಲು ಕೆಳಗಿನ ಹವಳದ ಮೇಲೆ, ಇಲ್ಲವೇ ಗಾಜಿನ ಮೇಲೆ ಬೀಳುವುದು ಖಂಡಿತ.

ಅವನು ಕಾದಿದ್ದದ್ದೂ ಇದಕ್ಕೇ. ಹೇಡಿತನಕ್ಕೂ ಒಂದು ಮಿತಿ ಬೇಡವೇ ಅನ್ನಬೇಕು. ಆದರೆ ಈ ಮಾತು ಹೇಳದೆ ಅವಳನ್ನು ಕಳಿಸಿದರೆ ತನಗೆ ಇನ್ನೆಂದೂ ಹೇಳಲಾಗದೆಂದು ಅವನಿಗೆ ಗೊತ್ತಿತ್ತು. ಹೇಳಿದರೆ ನಿಂತಾಳೆಂಬ ಆಸೆಯೂ ಇತ್ತು.

"ಅವತ್ತು ಪುಟ್ಟಿ ತಾನಾಗೇ ಬರಲಿಲ್ಲ" ಅಂದ. "ಬಚ್ಚಲಿನ ಬಲ್ಬು ಹೋಗಿತ್ತು. ಟಾರ್ಚ್ ಹಿಡಿಯೋಕೆ ನಾನೇ ಕರೆದೆ. ಕೆಮ್ಮು ಬರ್ತಿದೆ ಅಪ್ಪ ಅಂದಳು. ಇನ್ನೇನು ಮುಗೀತು, ಅಲ್ಲಾಡಬೇಡ ಅಂದೆ."

ಅವಳು ತಿರುಗಿ ನೋಡಲಿಲ್ಲ. ನೀರೊಳಗೆ ಅವಳ ಕೈ ಒಂದಿಷ್ಟೂ ಕದಲಲಿಲ್ಲ.

"ಇದನ್ನ ಈಗ ಯಾಕೆ ಹೇಳಿದೆ?"

"ಬೇರೆಲ್ಲಿ ಹೇಳಿದ್ದರೂ ನೀನು ಎದ್ದು ಹೋಗ್ತಿದ್ದೆ."

ಅವಳು ಕಲ್ಲನ್ನು ನೋಡುತ್ತಲೇ ಹೇಳಿದಳು. "ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಅವಳೇ ಹೇಳಿದಳು. 'ನಾನು ಟಾರ್ಚು ಅಲ್ಲಾಡಿಸಲೇ ಇಲ್ಲ ಅಮ್ಮಾ, ನಿನ್ನ ಥರಾನೇ ಹಿಡಿದಿದ್ದೆ' ಅಂತ. ಅದಕ್ಕೆ ನಾನು 'ಜಾಣೆ ನೀನು' ಅಂದೆ. ಅದೇ ನಾನು ಅವಳ ಹತ್ತಿರ ಆಡಿದ ಕೊನೇ ಮಾತು."

ಅವನು ಹಿಂದಿದ್ದ ಕುರ್ಚಿಯಲ್ಲಿ ಕೂತ.

"ಗೊತ್ತಿದ್ದೂ ಒಂದು ಮಾತು ಬೈಯಲಿಲ್ಲವಲ್ಲೇ."

"ನೀನಾಗಿ ಹೇಳ್ತೀಯ ಅಂತ ಕಾದೆ. ಪ್ರತೀ ಸಲ ಕಲ್ಲು ಹಿಡಿದಾಗ, ಇವತ್ತು ಹೇಳ್ತಾನೆ ಅಂದ್ಕೋತಿದ್ದೆ."

"ಹೇಳಿದ್ದಿದ್ದರೆ?"

"ಹೊಡೀತಿದ್ದೆ. ಊರು ಕೇಳೋ ಹಾಗೆ ಅಳ್ತಿದ್ದೆ." ಅವಳ ದನಿ ಮೊದಲ ಬಾರಿಗೆ ಒಡೆಯಿತು. "ಹೋಗ್ತಿರಲಿಲ್ಲ."

ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ದಾಟಿ ಆಗಲೇ ಎಷ್ಟೋ ಹೊತ್ತಾಗಿತ್ತು. ಅವಳಿಗೂ ಅದು ತಿಳಿದಿತ್ತು. ಆದರೂ ಬಾಗಿಲು ದೂಡುವಂತೆ ಕಲ್ಲಿಗೆ ಅಂಗೈ ಒತ್ತಿ, ಹಣೆಯನ್ನು ಗಾಜಿಗಿಟ್ಟು, ಭುಜ ಅಲುಗಿಸುತ್ತ ಅತ್ತಳು. ಅವನು ಎದ್ದು ಹೋಗಿ ಬೆನ್ನ ಮೇಲೆ ಕೈಯಿಟ್ಟ. ಅವಳು ಕೊಡವಲಿಲ್ಲ, ಒರಗಲೂ ಇಲ್ಲ.

ಕೊನೆಗೆ ಕೈ ತೆಗೆದಳು. ಬೆರಳುಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಟವೆಲಿನಲ್ಲಿ ಒರೆಸಿ, ರವಿಕೆಯ ತೋಳು ಇಳಿಸಿಕೊಂಡಳು. ಚೀಲ ತೆಗೆದುಕೊಂಡಳು.

"ಬಸ್ಸಿನವರೆಗೆ ಬರಲಾ?"

"ಬೇಡ. ಮೀನಿಗೆ ಉಸಿರು ಕಟ್ಟುತ್ತೆ. ಪಂಪು ಹಾಕು" ಅಂದಳು.

ಅವಳು ಮೆಟ್ಟಿಲಿಳಿಯುವ ಸದ್ದು ಮುಗಿಯುವವರೆಗೆ ಅವನು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದ, ಒಂದಿಷ್ಟೂ ಅಲ್ಲಾಡದೆ. ಆಮೇಲೆ ಪಂಪು ಹಾಕಿದ.