ವಕ್ಕಲೇರಿ ದಾಟುವವರೆಗೆ

ಎಂಬತ್ತರ ದಶಕದಲ್ಲಿ ಕೋಲಾರದಿಂದ ಮಾಲೂರು ರಸ್ತೆಯಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಟದ ಪಂದ್ಯ ಇಟ್ಟಿದ್ದರು. ಮೊದಲರ್ಧ ನಿಧಾನ, ಆಮೇಲೆ ಜೋರು ಎಂಬುದು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ನಾನು ಹಾಕಿದ್ದ ಲೆಕ್ಕ. ದಾರಿಯಲ್ಲಿ ವಕ್ಕಲೇರಿ ಇದೆ, ಅದು ನನ್ನ ಹೊಸ ಅತ್ತೆಮನೆ ಎಂಬುದನ್ನು ಮಾತ್ರ ಈ ದಡ್ಡ ತಲೆ ಮರೆತಿತ್ತು.

ಓಡಿದವರೇ ಒಂಬತ್ತು ಜನ. ಲೆಕ್ಕದಂತೆ ಎಲ್ಲರಿಗಿಂತ ಹಿಂದೆ ಊರು ಹೊಕ್ಕರೆ, ಹಾಲಿನ ಡೈರಿ ಮುಂದೆ ಬೀಗರ ಬಳಗವೇ ನಿಂತಿದೆ!

“ಅಯ್ಯೋ, ನಮ್ಮ ಅಳಿಯಂದ್ರೇ ಲಾಸ್ಟು ಕಣೇ!” ಎಂದು ಅತ್ತೆ ಕೂಗಿದರು.

ಲೆಕ್ಕ ಹಾಳಾಗಿ ಹೋಗಲಿ ಎಂದು ದೌಡಾಯಿಸಿದೆ. ಎಂಟೂ ಜನರನ್ನು ಹಿಂದೆ ಹಾಕಿ, ಊರಿನ ಕೊನೆಯ ಮನೆ ದಾಟಿ, ತಿರುವಿನಾಚೆಯ ಹುಣಸೆಮರದಡಿ ಬಿದ್ದುಕೊಂಡೆ. ಅಲ್ಲಿಂದ ಮುಂದಕ್ಕೆ ಹೋದದ್ದು ಹಾಲಿನ ವ್ಯಾನಿನಲ್ಲಿ.

ವಕ್ಕಲೇರಿಯಲ್ಲಿ ಇಂದಿಗೂ ಆ ಪಂದ್ಯ ಗೆದ್ದವನು ನಾನೇ.